ಒಂದು ದಿನ ಕಮ್ಮಿ ಬಿದ್ದ ಇನ್ಶೂರೆನ್ಸ್

…ಅದಕ್ಕೆ ನನ್ನನ್ನ ಹೀಗೆ ನೋಡಿದ್ರೆ ಏನು ಬಂತು? ವೀಸಾ ಕೊಡೋಳು ನಾನಾ? ಕೊಡೋರು ರಸ್ತೆ ಆಚೆ, ಆ ಗಾಜಿನ ಕಟ್ಟಡದಲ್ಲಿ ಎಸಿ ಹಾಕ್ಕೊಂಡು ಕೂತಿದಾರೆ. ನಾನು ಈಚೆ ಮೆಟ್ಟಿಲ ಕೆಳಗಿನ ಅಂಗಡೀಲಿ ಫಾರಂ ತುಂಬೋಳು, ಫೋಟೋ ತೆಗೆಯೋಳು, ಇನ್ಶೂರೆನ್ಸ್ ಮಾಡಿಸಿಕೊಡೋಳು. ಅಕ್ಕ ಆದ ಮಾತ್ರಕ್ಕೆ ಅವರ ಸೀಲು ನನ್ನ ಕೈಗೆ ಬರುತ್ತೇನೇ?

ಕೂತ್ಕೋ ಮೊದಲು. ಆ ಸ್ಟೂಲ್ ಬೇಡ, ಅದು ಫೋಟೋಗೆ ಬರೋರದ್ದು, ಒಂದು ಕಾಲು ಕುಂಟು. ಇಲ್ಲಿ ಬಾ, ಈ ಕುರ್ಚಿ. ಲ್ಯಾಮಿನೇಷನ್ ಮೆಷಿನ್ ಬಿಸಿ ಇದೆ, ಮೊಣಕೈ ತಾಗಿಸ್ಬೇಡ. ಲ್ಯಾಬಲ್ಲಿ ಅರ್ಧ ದಿನ ರಜಾ ಹಾಕಿ ಬಂದ್ಯಾ? ಇಷ್ಟಕ್ಕೆಲ್ಲಾ ಯಾಕೆ ರಜಾ ಹಾಳು ಮಾಡ್ಕೊಂಡೆ… ಫೋನಲ್ಲೇ ಹೇಳಿದ್ಯಲ್ಲ ಬೆಳಗ್ಗೆ. ಕೇಳಿಸ್ಕೊಂಡೆನಲ್ಲ.

ಸರಿ ಕೊಡು, ನೋಡ್ತೀನಿ. ‘ಪ್ರಯಾಣ ವಿಮೆಯು ಪ್ರಯಾಣದ ಪೂರ್ಣ ಅವಧಿಗೆ ಅನ್ವಯಿಸುವುದಿಲ್ಲವಾದ್ದರಿಂದ…’ ಹ್ಞೂಂ. ಒಂದು ದಿನ ಕಣೇ! ಬರೀ ಒಂದು ದಿನ. ನೀನು ಅಲ್ಲಿ ವಿಮಾನ ಹತ್ತೋ ದಿನಕ್ಕೆ ಇನ್ಶೂರೆನ್ಸ್ ಮುಗಿದುಹೋಗುತ್ತೆ. ವಿಮಾನ ಇಲ್ಲಿ ಇಳಿಯೋದು ಮಾರನೇ ದಿನ. ನಡುವೆ ನೀನು ಆಕಾಶದಲ್ಲಿ. ಆಗ ನಿನಗೆ ಏನಾದ್ರೂ ಆಗಿಬಿಟ್ರೆ ಯಾರು ಹೊಣೆ ಅಂತ ಅವರಿಗೆ ಚಿಂತೆ. ನೆಲದ ಮೇಲೆ ಇಷ್ಟು ವರ್ಷ ಇದ್ದೀಯಲ್ಲ, ಹೇಗಿದ್ದೀಯಾ ಅಂತ ಒಬ್ಬರಾದ್ರೂ ಕೇಳಿದಾರಾ? ಆಕಾಶಕ್ಕೆ ಹಾರಿದ ತಕ್ಷಣ ಎಲ್ಲರಿಗೂ ನಿನ್ನ ಮೇಲೆ ಎಲ್ಲಿಲ್ಲದ ಕಾಳಜಿ.

ಯಾಕೆ ನಗ್ತೀಯಾ? …ನಗಲಿಲ್ವಾ? ಬಾಯಿ ಒಂಥರಾ ಆಯ್ತಲ್ಲ, ನಕ್ಕೆ ಅಂದ್ಕೊಂಡೆ.

ನೋಡು, ಆ ವೀಸಾ ಕಿಟಕೀಲಿ ಈಗ ಹೊಸಬಳು ಬಂದಿದಾಳೆ, ದಪ್ಪ ಕನ್ನಡಕದವಳು. ಮೊಸರಲ್ಲೂ ಕಲ್ಲು ಹುಡುಕೋ ಜಾತಿ. ಮೊದಲಿದ್ದವರು ಪಾಪ, ಒಂದು ದಿನ ಹೆಚ್ಚುಕಮ್ಮಿ ಇದ್ರೆ ಫೋನ್ ಮಾಡಿ, ‘ಮೇಡಂ ತಿದ್ದಿ ಕಳಿಸಿ’ ಅನ್ನೋರು. ಇವಳು ಹಾಗಲ್ಲ, ಠಪ್ ಅಂತ ತಿರಸ್ಕಾರದ ಸೀಲು ಹೊಡೆದುಬಿಡ್ತಾಳೆ. ಅವಳ ಗಂಡ ಅವಳಿಗೆ ಏನು ಅನ್ಯಾಯ ಮಾಡಿದಾನೋ, ಸಿಟ್ಟೆಲ್ಲಾ ನಮ್ಮ ಫೈಲುಗಳ ಮೇಲೆ…

ಏನು? …ಇಲ್ಲ, ಸುಮ್ಮನೆ ಬಾಯಿಗೆ ಬಂತು, ಅಂದೆ. ಗಂಡ ಅಂದ್ರೆ ಎಲ್ಲರ ಗಂಡನೂ ಅಂತಾನಾ?

ಟೀ ಹೇಳ್ಲಾ? ಬೇಡ್ವಾ. ಸರಿ.

ಮೊದಲನೇ ಸಲ ವೀಸಾ ತಿರಸ್ಕಾರ ಆಗಿದ್ದು ಫೋಟೋದಿಂದ, ಹೌದು. ನಿನ್ನ ಕೂದಲು ಕಿವಿ ಮುಚ್ಚಿತ್ತು. ಎರಡೂ ಕಿವಿ ಕಾಣಬೇಕು ಅನ್ನೋದು ಆ ದೇಶದ ನಿಯಮ. ಹಲ್ಲು ಕಾಣಬಾರದು, ಕಿವಿ ಕಾಣಬೇಕು. ಯಾಕೆ ಅಂತ ಕೇಳ್ಬೇಡ. ಅಲ್ಲಿಗೆ ಹೋಗೋರು ಮಾತಾಡೋದಕ್ಕಿಂತ ಕೇಳಿಸ್ಕೊಳ್ಳೋದು ಜಾಸ್ತಿ ಇರಬೇಕು ಅಂತಲೋ ಏನೋ. ಎರಡನೇ ಸಲ ಪಾಸ್‌ಪೋರ್ಟು. ಇನ್ನೂ ಆರು ತಿಂಗಳು ಬಾಳಿಕೆ ಇರಬೇಕು, ಇದೆ ಅಂದ್ಕೊಂಡ್ವಿ. ಹೋಗೋ ದಿನದಿಂದ ಲೆಕ್ಕ ಹಾಕಿದ್ವಿ, ಅವರು ವಾಪಸ್ ಬರೋ ದಿನದಿಂದ ಲೆಕ್ಕ ಹಾಕಿದ್ರು. ಹೊಸ ಪಾಸ್‌ಪೋರ್ಟ್ ಬರೋ ಹೊತ್ತಿಗೆ ಮಳೆಗಾಲ ಮುಗೀತು. ಈಗ ಇದು. ಏನು ಮಾಡೋದು ಹೇಳು? ಹಣೆಬರಹ ಅಂತೀಯೋ, ಗ್ರಹಚಾರ ಅಂತೀಯೋ… ನೀನು ಇದನ್ನೆಲ್ಲಾ ನಂಬಲ್ಲ, ಗೊತ್ತು. ರಕ್ತ ಪರೀಕ್ಷೆ ಮಾಡೋರು ಕಣ್ಣಿಗೆ ಕಾಣೋದನ್ನ ಮಾತ್ರ ನಂಬ್ತಾರೆ.

ನನ್ನ ಮಾತು ಕೇಳ್ತೀಯಾ? ಸ್ವಲ್ಪ ದಿನ ಬಿಡು. ಅಲ್ಲ, ಕೇಳು ಪೂರ್ತಿ. ಮೂರು ಸಲ ತಿರಸ್ಕಾರ ಆದ್ಮೇಲೆ ತಕ್ಷಣ ಮತ್ತೆ ಹಾಕಿದ್ರೆ ಅವರಿಗೆ ಅನುಮಾನ ಬರುತ್ತೆ. ‘ಯಾಕೆ ಇವಳಿಗೆ ಇಷ್ಟು ಆತುರ?’ ಅಂತಾರೆ. ಬರೋ ವರ್ಷ ನೋಡೋಣ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ… ಈ ಗಾದೆ ಇಲ್ಲಿಗೆ ಹೊಂದಲ್ವೇನೋ. ಅಷ್ಟರಲ್ಲಿ ನಿನ್ನ ಗಂಡನೇ ಬಂದ್ರೂ ಬಂದಾನು. ಲಿಫ್ಟಪ್ಪ.

ಅಯ್ಯೋ, ಹಾಗೆ ಅನ್ನಬಾರದಾ? ಮದುವೇಲಿ ನಾನೇ ಅಲ್ವಾ ಇಟ್ಟಿದ್ದು ಆ ಹೆಸರು! ಲಿಫ್ಟ್ ರಿಪೇರಿ ಮಾಡೋ ಹುಡುಗ, ನೋಡಕ್ಕೆ ಲಕ್ಷಣವಾಗಿದಾನೆ, ಅಂದಾಗ ಅಮ್ಮ ಏನಂದ್ರು ನೆನಪಿದ್ಯಾ? ‘ದಿನಾ ಹಗ್ಗಕ್ಕೆ ನೇತಾಡೋನಿಗೆ ಹುಡುಗಿ ಕೊಡ್ತೀರಾ’ ಅಂತ. ನೀನು ಕಣ್ಣು ಬಿಟ್ಕೊಂಡು ನಮ್ಮನ್ನೇ ನೋಡಿದ್ದೆ, ಇನ್ನೊಂದು ಮಾತಾಡಿದ್ರೆ ಓಡಿಹೋಗ್ತೀನಿ ಅನ್ನೋ ಹಾಗೆ. ಆಮೇಲೆ ಅವನಿಗೆ ಆ ದೇಶದಲ್ಲಿ ಕೆಲಸ ಸಿಕ್ತು, ಎತ್ತರೆತ್ತರ ಕಟ್ಟಡ, ಒಳ್ಳೆ ಸಂಬಳ. ‘ಎರಡು ವರ್ಷ ಅಷ್ಟೇ ಅಕ್ಕಾ, ಜಾಗ ಹಿಡಿದು ಇವಳನ್ನ ಕರೆಸ್ಕೋತೀನಿ’ ಅಂದ. ಮೇಲಕ್ಕೆ ಹೋದ ಲಿಫ್ಟು ಕೆಳಗೆ ಬರ್ಲೇ ಇಲ್ಲ.

ನಗಿಸೋಣ ಅಂತ ಹೇಳಿದೆ. ಬಿಡು.

ಬೈಯಲ್ಲ ಕಣೇ ನಾನು ಅವನಿಗೆ. ನಾನ್ಯಾಕೆ ಬೈಲಿ? ಫೋನ್ ಮಾಡ್ತಾನೆ, ತಿಂಗಳಿಗೆ ಕಳಿಸೋದು ಕಳಿಸ್ತಾನೆ… ಕಳಿಸ್ತಾನೆ ತಾನೇ? ಹಾಂ. ಮತ್ತೆ? ಎಷ್ಟೋ ಜನಕ್ಕೆ ಅದೂ ಇಲ್ಲ. ಇಲ್ಲಿ ಈ ಕೌಂಟರ್ ಎದುರು ಕೂತು ಅತ್ತೋರನ್ನ ನೋಡಿದ್ರೆ ನೀನು…

ಇರು, ಒಂದು ನಿಮಿಷ. ಗಿರಾಕಿ.

ಬನ್ನಿ ಬನ್ನಿ ಟೈಲರ್ ಮಾಮ. ಒಳಗೇ ಬನ್ನಿ, ಬಿಸಿಲಲ್ಲಿ ಯಾಕೆ ನಿಂತಿದೀರಿ? ಇವಳು ನನ್ನ ತಂಗಿ, ಬೇರೆಯವರೇನಲ್ಲ. ನಿಮ್ಮ ಪಾಲಿಸಿ ರೆಡಿ ಇದೆ, ನೋಡಿ. ಬೆರಳಿಟ್ಟು ಓದ್ತೀರಾ? ಓದಿ. ನಿಮ್ಮ ಹಾಗೆ ಓದೋರು ಒಬ್ಬರೂ ಇಲ್ಲ, ಎಲ್ಲಾ ಸಹಿ ಎಲ್ಲಿ ಅಂತ ಕೇಳ್ತಾರೆ. …ಅದಾ? ಅದು ಆಸ್ಪತ್ರೆ ಖರ್ಚು. ಅದರ ಕೆಳಗಿಂದು ಸಾಮಾನು ಕಳೆದ್ರೆ. ಅದರ ಕೆಳಗಿಂದು… ಅದು ಬಿಡಿ, ಏನೂ ಆಗಲ್ಲ. ‘ಪಾರ್ಥಿವ ಶರೀರ’ ಅಂದ್ರೆ… ಮಾಮ, ನಿಮ್ಮ ಅಣ್ಣನ್ನ ನೋಡಿ ಮಾತಾಡ್ಸಿ ನಗ್ತಾ ವಾಪಸ್ ಬರ್ತೀರಿ, ಅದನ್ನೆಲ್ಲಾ ಓದ್ಬೇಡಿ.

ತಾರೀಕಾ? ಸರಿಯಾಗೇ ಇದೆ. ನಿಮ್ಮ ವಾಪಸ್ ಬರೋ ವಿಮಾನ ಸೋಮವಾರ ಹೊರಡುತ್ತೆ, ಮಂಗಳವಾರ ಇಳಿಯುತ್ತೆ. ನಾನು ಗುರುವಾರದ ತನಕ ಹಾಕಿದೀನಿ. ಯಾಕೆ ಅಂದ್ರೆ ಹೊರಡೋ ದಿನ ಅಲ್ಲ ಲೆಕ್ಕ, ಇಲ್ಲಿ ಕಾಲಿಡೋ ದಿನ. ವಿಮಾನ ತಡ ಆಗ್ಬಹುದು, ಅದಕ್ಕೆ ಮೇಲೆ ಎರಡು ದಿನ. ಬಟ್ಟೆ ಹೊಲಿಯೋವಾಗ ನೀವು ಒಳಗೆ ಮಡಚಿ ಬಿಡ್ತೀರಲ್ಲ ಒಂದಿಷ್ಟು, ಹಾಗೇ. …ಅಯ್ಯೋ, ಪಾಸ್‌ಪೋರ್ಟು ನೋಡಿಬಿಟ್ಟಿದೀನಿ, ವಾಪಸ್ ಬಂದ ದಿನದಿಂದ ಆರು ತಿಂಗಳ ಮೇಲೇ ಇದೆ. ಅದನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ ನಾನು. ಫೋಟೋನೂ ಸರಿ ಇದೆ, ಕಿವಿ ಎರಡೂ ಕಾಣ್ತಿವೆ, ನಿಮ್ಮ ಕಿವಿ ಬಿಡಿ, ಮುಚ್ಚಕ್ಕೂ ಆಗಲ್ಲ! ನಗ್ಬೇಡಿ, ಹೋಗಿ ಧೈರ್ಯವಾಗಿ ಕೊಡಿ. ಇಷ್ಟು ವರ್ಷ ಆಯ್ತು ಮಾಮ ಈ ಅಂಗಡಿ ಹಾಕಿ. ನನ್ನ ಕೈಯಿಂದ ಹೋದ ಫೈಲು ತಾರೀಕು ತಪ್ಪಿದೆ ಅಂತ ಒಂದೇ ಒಂದು ಸಲ…

ಒಂದೇ ಒಂದು ಸಲ…

ಏನಿಲ್ಲ. ಹೋಗಿ ಬನ್ನಿ, ಕಿಟಕಿ ಮುಚ್ಚಿಬಿಡ್ತಾರೆ. ಹ್ಞಾಂ, ದುಡ್ಡು ಆಮೇಲೆ ಕೊಡಿ, ಎಲ್ಲಿ ಹೋಗ್ತೀರಿ. ಮೆಟ್ಟಿಲು ನೋಡ್ಕೊಂಡು.

…ಒಳ್ಳೆ ಮನುಷ್ಯ. ಅಣ್ಣನ್ನ ನೋಡಿ ಎಷ್ಟೋ ವರ್ಷ ಆಯ್ತಂತೆ. ಅಣ್ಣನಿಗೆ ಅಂತಲೇ ಒಂದು ಕೋಟು ಹೊಲಿದಿಟ್ಟಿದಾರೆ. ಅಳತೆ ಎಲ್ಲಿಂದ ಸಿಕ್ತು ಅಂದ್ರೆ, ನೆನಪಿಂದ ಅಂತಾರೆ. ಅಣ್ಣ ಈಗ ದಪ್ಪ ಆಗಿದಾನೋ ಸಣ್ಣ ಆಗಿದಾನೋ… ಫ್ಯಾನ್ ಜೋರು ಮಾಡ್ಲಾ? ಯಾಕೋ ಸೆಕೆ.

ಏನು?

ಏನು ಹಾಗೆ ನೋಡ್ತಿದೀಯಾ?

ಮಾಮನ ಹತ್ರ ಏನೋ ದೊಡ್ಡಸ್ತಿಕೆ ಹೇಳ್ಕೊಂಡೆ. ಗಿರಾಕಿ ಹತ್ರ ಹಾಗೇ ಹೇಳ್ಬೇಕು. ನೀನು ಸೂಜಿ ಚುಚ್ಚೋವಾಗ ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅಂತ ಹೇಳಲ್ವಾ? ಇರುವೆ ಎಲ್ಲಿಂದ ಬಂತು? ಹಾಗೇ ಇದೂ. ತಪ್ಪು ಎಲ್ಲರಿಂದಲೂ ಆಗುತ್ತೆ. ನಿನ್ನ ಫೈಲ್ ಮಾಡಿದ ದಿನ ನನಗೆ ತಲೆನೋವಿತ್ತು, ಒಂದು ಕಣ್ಣು ಬಿಡಕ್ಕೆ ಆಗ್ತಿರಲಿಲ್ಲ. ಕರೆಂಟ್ ಬೇರೆ ಹೋಗಿ ಬಂದು ಮಾಡ್ತಿತ್ತು. ಕೈತಪ್ಪು.

ಮೂರು ಬೆರಳು ಯಾಕೆ ತೋರಿಸ್ತೀಯಾ.

ಹೌದು, ಮೂರು ಸಲ. ಇಳಿಸು ಕೈ, ಯಾರಾದ್ರೂ ನೋಡ್ತಾರೆ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನು ಅಷ್ಟೂ ಮಾಡಲಿಲ್ಲ, ಕುಂಬಳಕಾಯೀನೇ ಹೊತ್ಕೊಂಡು ಟೈಲರ್ ಮಾಮಂಗೆ ತೋರಿಸ್ದೆ.

ಸರಿ. ಹೌದು. ನಾನೇ.

ಶಟರ್ ಅರ್ಧ ಇಳಿಸ್ತೀನಿ ಇರು. …ಹ್ಞಾಂ. ಊಟದ ಹೊತ್ತು ಅಂದ್ಕೋತಾರೆ.

ಫೋಟೋ ತೆಗೆದಾಗ ನಿನ್ನ ಕಿವಿ ಕಾಣ್ತಿತ್ತು. ಐದಾರು ತೆಗೆದಿದ್ದೆ, ಅದರಲ್ಲಿ ಒಂದರಲ್ಲಿ ಮಾತ್ರ ಕೂದಲು ಮುಂದೆ ಬಂದಿತ್ತು. ಅದನ್ನೇ ಆರಿಸ್ಕೊಂಡೆ. ಪಾಸ್‌ಪೋರ್ಟ್ ಲೆಕ್ಕ ನನಗೆ ಗೊತ್ತಿತ್ತು. ಇನ್ಶೂರೆನ್ಸ್ ತಾರೀಕು… ಅದನ್ನ ಮೊದಲು ಸರಿಯಾಗೇ ಹಾಕಿದ್ದೆ. ಅಭ್ಯಾಸ, ಕೈ ಸರೀನೇ ಹಾಕುತ್ತೆ. ಆಮೇಲೆ ಹಿಂದಕ್ಕೆ ಹೋಗಿ ಅಳಿಸಿ ಕಮ್ಮಿ ಮಾಡ್ದೆ. ತಪ್ಪು ಮಾಡೋದು ಎಷ್ಟು ಕಷ್ಟ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಬೈಯಿ. ಬೈದುಬಿಡು. ಆ ಮೆಷಿನ್ ಮೇಲಿರೋ ಪೇಪರ್‌ವೇಟ್ ತಗೊಂಡು ಹೊಡಿ ಬೇಕಾದ್ರೆ.

ಯಾಕೆ ಅಂದ್ರೆ… ಅಮ್ಮ. ಅಮ್ಮನಿಂದ. ನೋಡು, ಅವರ ಮಂಡಿ ಹಾಗಿದೆ. ಏಳ್ಸೋದು ಕೂರ್ಸೋದು, ಬಚ್ಚಲಿಗೆ ಕರ್ಕೊಂಡು ಹೋಗೋದು, ಎಲ್ಲಾ ನೀನೇ. ನೀನು ಹೊರಟುಹೋದ್ರೆ ಅದು ನನ್ನ ತಲೆಗೆ ಬರುತ್ತೆ. ಈ ಅಂಗಡಿ, ನನ್ನ ಮನೆ, ಅದರ ಮೇಲೆ ಅಮ್ಮ. ನಿನ್ನ ಭಾವನ ವಿಷ್ಯ ನಿನಗೆ ಗೊತ್ತು, ಒಂದು ಲೋಟ ತೊಳೆದಿಡಲ್ಲ. ಸ್ವಾರ್ಥ ಕಣೇ. ಶುದ್ಧ ಸ್ವಾರ್ಥ. ಒಡಹುಟ್ಟಿದೋರು ಅಂದ್ರೆ ಇಷ್ಟೇ ಅಂದ್ಕೋ. ನಿನ್ನನ್ನ ಇಲ್ಲೇ ಕಟ್ಟಿಹಾಕಿದ್ರೆ ನನಗೆ ಸುಲಭ ಅಂತ…

ಏನು? …ಯಾರು ಒಪ್ಪಿದಾರೆ?

ಪಕ್ಕದ ಮನೆ ನರ್ಸಾ? ಅವರು ಬಂದು ಇರ್ತಾರಾ? ಯಾವಾಗ ಕೇಳ್ದೆ ನೀನು ಅವರನ್ನ? ನನಗೆ ಹೇಳಲೇ ಇಲ್ಲ. …ಮೊದಲನೇ ಸಲ ಫೈಲ್ ಕೊಡೋವಾಗಲೇ. ಅಮ್ಮನಿಗೂ ಗೊತ್ತಾ? ಅಮ್ಮನೂ ಹ್ಞೂಂ ಅಂದ್ರಾ.

ಓ.

ಹಾಗಾದ್ರೆ ಹೊಟ್ಟೆಕಿಚ್ಚು ಅಂದ್ಕೋ. ಇಡೀ ಊರಿಗೆ ವೀಸಾ ಮಾಡಿಸ್ತೀನಿ, ನಾನು ಈ ರಸ್ತೆ ದಾಟಿ ಆಚೆ ಹೋಗಿಲ್ಲ. ನನ್ನ ಪಾಸ್‌ಪೋರ್ಟಲ್ಲಿ ಒಂದು ಪುಟಾನೂ ಕೊಳೆ ಆಗಿಲ್ಲ. ತಂಗಿ ವಿಮಾನ ಹತ್ತೋದು ನೋಡಕ್ಕೆ ಆಗ್ಲಿಲ್ಲ. ಹಾಗೆ ಅಂದ್ಕೋ. ಆಗುತ್ತಲ್ಲ, ಮನುಷ್ಯರಿಗೆ.

ನಂಬಲ್ವಾ ಇದನ್ನೂ?

ಏನಾದ್ರೂ ಅನ್ನೇ. ಹೀಗೆ ಸುಮ್ಮನೆ ಕೂತ್ರೆ ನಾನು ಎಷ್ಟು ಅಂತ ಮಾತಾಡ್ಲಿ? ಚಿಕ್ಕೋಳಿದ್ದಾಗಲೂ ಹೀಗೇ. ನಾನು ಸುಳ್ಳು ಹೇಳ್ತಾ ಹೋಗೋದು, ನೀನು ಎದುರು ಕೂತು ಬಾಯಿ ಬಿಡದೆ ನೋಡೋದು. ಅಪ್ಪ ಬೈದ್ರೆ ತಡ್ಕೋತಿದ್ದೆ, ಅಮ್ಮ ಹೊಡೆದ್ರೆ ತಡ್ಕೋತಿದ್ದೆ. ನಿನ್ನ ಈ ಸುಮ್ಮನಿರೋದು ಇದೆಯಲ್ಲ… ಸುಳ್ಳೆಲ್ಲಾ ಮುಗಿಯೋ ತನಕ ಕಾಯ್ತೀಯಾ. ಸ್ಟಾಕು ಖಾಲಿ ಆಗೋ ತನಕ.

ಖಾಲಿ ಆಯ್ತು.

ನಿನ್ನ ಗಂಡ ಫೋನ್ ಮಾಡಿದ್ದ. ನಿನಗಲ್ಲ. ಅಂಗಡಿಗೆ, ನನಗೆ. ಹೋದ ವರ್ಷ, ನಿನ್ನ ಫೈಲ್ ಎಲ್ಲಾ ತಯಾರು ಮಾಡಿ ಇದೇ ಡ್ರಾಯರಲ್ಲಿ ಇಟ್ಟಿದ್ದೆ ನೋಡು, ಸರಿಯಾದ ಫೋಟೋ ಅಂಟಿಸಿ, ಸರಿಯಾದ ತಾರೀಕು ಹಾಕಿ, ಮಾರನೇ ದಿನ ಕೊಡೋದಿತ್ತು. ಆಗ. ‘ಅಕ್ಕಾ, ಒಂದು ವಿಷ್ಯ ಕೇಳ್ಬೇಕಿತ್ತು’ ಅಂದ. ಸ್ನೇಹಿತನ ಸಂಸಾರ ಎಲ್ಲಿಗೋ ಪ್ರವಾಸ ಹೋಗ್ತಿದೆ, ಚಿಕ್ಕ ಮಗುಗೂ ಬೇರೆ ಇನ್ಶೂರೆನ್ಸ್ ಮಾಡಿಸ್ಬೇಕಾ, ತಂದೆ ತಾಯಿ ಪಾಲಿಸೀಲೇ ಬರುತ್ತಾ ಅಂತ. ನಾನು, ಅಯ್ಯೋ ಅದಕ್ಕೇನಪ್ಪಾ, ಅಂದೆ. ಕೈಯಲ್ಲಿ ಪೆನ್ನಿತ್ತು, ಎದುರಿಗೆ ಇದೇ ಕಂಪ್ಯೂಟರ್. ನನಗೆ ಒಂದು ರೂಢಿ ಇದೆಯಲ್ಲ, ಇನ್ಶೂರೆನ್ಸ್ ಅಂದ ತಕ್ಷಣ ಬಾಯಿ ತಾನಾಗೇ ಕೇಳ್ತಾ ಹೋಗುತ್ತೆ, ದಿನಾ ಕೇಳೋ ಪ್ರಶ್ನೆ. ಮಗು ವಯಸ್ಸು? ಒಂದೂವರೆ, ಅಂದ. ಏನಾದ್ರೂ ಕಾಯಿಲೆ ಇದ್ಯಾ? ಇಲ್ಲ, ಸ್ವಲ್ಪ ಶೀತ ಬೇಗ ಆಗುತ್ತೆ, ಅಂದ. ನಿಮಗೂ ಮಗೂಗೂ ಸಂಬಂಧ?

‘ಮಗಳು’ ಅಂದ.

ನಾನು ಕೇಳಿದ್ದು ಅಭ್ಯಾಸಬಲದಿಂದ. ಅವನು ಹೇಳಿದ್ದೂ ಅಭ್ಯಾಸಬಲದಿಂದಲೇ. ಅದೇ ನೋಡು… ಯೋಚನೆ ಮಾಡಿ ಹೇಳಿದ್ರೆ ಸುಳ್ಳು ಹೇಳ್ತಿದ್ದ. ದಿನಾ ಯಾರ್ಯಾರಿಗೋ ಹೇಳಿ ಹೇಳಿ ರೂಢಿ ಆಗಿರೋ ಮಾತು ಅದು. ಹಾಲಿನ ಅಂಗಡೀಲಿ, ಡಾಕ್ಟರ ಹತ್ರ, ಲಿಫ್ಟಲ್ಲಿ ಸಿಕ್ಕೋರಿಗೆ.

ಅವನ ಉಸಿರು ಕೇಳಿಸ್ತಿತ್ತು. ಈಗ ಏನಾದ್ರೂ ಅಂತಾನೆ, ‘ಅಕ್ಕಾ ತಮಾಷೆಗೆ ಅಂದೆ’ ಅಂತಾನೆ ಅಂತ ಕಾದೆ. ಅನ್ನಲಿಲ್ಲ. ಕೊನೆಗೆ ನಾನೇ ಏನು ಮಾಡ್ದೆ ಗೊತ್ತಾ? ‘ಎರಡು ವರ್ಷದ ಒಳಗಿನ ಮಗು ಆದ್ರೆ ತಾಯಿ ಪಾಲಿಸೀಲೇ ಸೇರಿಸ್ತಾರೆ, ಬೇರೆ ಬೇಕಾಗಿಲ್ಲ’ ಅಂದೆ. ಸರಿ ಅಕ್ಕಾ, ಅಂದ. ಇಟ್ಟ. ಎದುರಿಗೆ ಒಬ್ಬ ಹುಡುಗಿ ಫೋಟೋಗೆ ಅಂತ ಕಾಯ್ತಾ ಕೂತಿದ್ಳು. ಅವಳದ್ದು ತೆಗೆದೆ. ಚೆನ್ನಾಗೇ ಬಂತು.

ಆವತ್ತು ಸಂಜೆ ನಿನ್ನ ಫೈಲ್ ಬಿಚ್ಚಿ ಫೋಟೋ ಕಿತ್ತೆ.

ಹೇಳ್ಬಹುದಿತ್ತು, ಗೊತ್ತು. ಹೇಳಕ್ಕೆ ಅಂತಲೇ ಮನೆಗೆ ಬಂದಿದ್ದೆ. ನೀನು ಸೂಟ್‌ಕೇಸ್ ಚಕ್ರಕ್ಕೆ ಎಣ್ಣೆ ಬಿಡ್ತಾ ಕೂತಿದ್ದೆ. ಕಿರಗುಟ್ಟುತ್ತೆ, ಅಲ್ಲಿ ಎಲ್ಲರೂ ತಿರುಗಿ ನೋಡ್ತಾರೆ, ಅಂದೆ ನೀನು. ನನಗೆ ಒಂದೇ ಕಣ್ಣಿಗೆ ಬರ್ತಿತ್ತು… ನೀನು ಆ ಸೂಟ್‌ಕೇಸ್ ಹಿಡ್ಕೊಂಡು ಅವನ ಮನೆ ಬಾಗಿಲು ತಟ್ಟೋದು. ತೆಗೆಯೋರು ಯಾರು? ಅವಳು ತೆಗೀತಾಳೆ. ಕಂಕುಳಲ್ಲಿ ಮಗು ಇರುತ್ತೆ. ಶೀತ ಆಗಿ ಮೂಗು ಸೋರ್ತಾ ಇರುತ್ತೆ. ನಿನಗೆ ಆ ಭಾಷೆ ಬರಲ್ಲ. ‘ಯಾರು ಬೇಕು’ ಅಂತ ಅವಳು ಕೇಳಿದ್ರೆ ನೀನು ಏನಂತೀಯಾ?

ಅದಕ್ಕೆ ಮಾರನೇ ದಿನ ಕೂದಲು ಮುಂದೆ ಬಂದಿರೋ ಫೋಟೋ ಅಂಟಿಸ್ದೆ.

ಇಷ್ಟೇ. ಇನ್ನೇನೂ ಇಲ್ಲ ನನ್ನ ಹತ್ರ.

…ನೀರು ಕುಡಿ. ಬಾಟಲಿ ಅಲ್ಲೇ ಇದೆ. ಬೇಡ್ವಾ?

ಅಳ್ತೀಯೇನೋ ಅಂದ್ಕೊಂಡಿದ್ದೆ. ಟವೆಲ್ ಕೂಡ ಎತ್ತಿಟ್ಕೊಂಡೆ. ನೀನು ಅಳಲಿಲ್ಲ. ಗಾಬರಿನೂ ಆಗ್ಲಿಲ್ಲ. ಎಷ್ಟು ವಿಚಿತ್ರ, ಯಾವ ಮಗು, ಯಾರ ಮಗು ಅಂತಲೂ ಕೇಳಲಿಲ್ಲ ನೀನು. ನಾನು ‘ಮಗಳು’ ಅಂದಾಗ ನೀನು ಆ ಗೋಂದಿನ ಬಾಟಲಿ ಮುಚ್ಚಳ ಹಾಕ್ತಿದ್ದೆ. ತಿರುಗಿಸ್ತಾನೇ ಇದ್ದೆ. ಕೈ ನಿಲ್ಲಲಿಲ್ಲ.

ಇತ್ತ ನೋಡು.

ನೋಡೇ ಇತ್ತ.

ನಿನಗೆ ಗೊತ್ತಿತ್ತಾ?

ತಲೆ ಬಗ್ಗಿಸ್ಬೇಡ… ಗೊತ್ತಿತ್ತಾ ನಿನಗೆ? ಯಾವಾಗಿಂದ? ಯಾರು ಹೇಳಿದ್ರು? …ಜೋರಾಗಿ ಹೇಳು, ಫ್ಯಾನ್ ಸದ್ದಲ್ಲಿ ಕೇಳಿಸಲ್ಲ. ಫೋನಲ್ಲಾ? ಹಿಂದುಗಡೆ ಕೇಳಿಸ್ತಿತ್ತಾ? ಏನು ಕೇಳಿಸ್ತಿತ್ತು? ಅಳು. ಅವನನ್ನ ಕೇಳಿದ್ಯಾ? …ಟೀವಿ ಅಂದ್ನಾ.

ಎಷ್ಟು ಸಲ ಟೀವಿ ಅಂದ?

ಹಾಗಾದ್ರೆ… ತಾಳು. ನನಗೆ ಒಂದು ಗೊತ್ತಾಗ್ತಿಲ್ಲ. ಮೊದಲನೇ ಸಲ ನೀನು ಇಲ್ಲೇ ಈ ಕುರ್ಚೀಲೇ ಕೂತಿದ್ದೆ. ನಾನು ಫೋಟೋ ಅಂಟಿಸಿದ್ದು ನೋಡ್ದೆ. ಕಿವಿ ಕಾಣಬೇಕು ಅಂತ ಗೋಡೆ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದೀನಿ, ನಿನ್ನ ತಲೆ ಮೇಲೇ ಇದೆ. ಸಹಿ ಮಾಡೋವಾಗ ನೀನು ಓದಿಯೇ ಮಾಡೋಳು. ಇನ್ನೊಬ್ಬರ ರಕ್ತದ ರಿಪೋರ್ಟಲ್ಲಿ ಒಂದು ಚುಕ್ಕಿ ಆಚೀಚೆ ಆದ್ರೆ ಹಿಡಿಯೋಳಿಗೆ ಇನ್ಶೂರೆನ್ಸ್ ಒಂದು ದಿನ ಕಮ್ಮಿ ಇರೋದು ಕಾಣಲಿಲ್ವಾ?

ಕಂಡಿತ್ತು.

ಕಂಡೂ ಸಹಿ ಮಾಡಿದ್ಯಾ.

ಅಲ್ಲ ಕಣೇ… ನಾನು ನಿನ್ನಿಂದ ಮುಚ್ಚಿಡ್ತಿದೀನಿ ಅಂದ್ಕೊಂಡು ಒಂದು ವರ್ಷ ನಿದ್ದೆಗೆಟ್ಟೆ. ನೀನು ನನ್ನ ಪಕ್ಕದಲ್ಲೇ ಕೂತು, ನಾನು ತಪ್ಪು ತುಂಬೋದು ನೋಡಿ, ಸಹಿ ಹಾಕಿ, ಎದ್ದು ಹೋಗ್ತಿದ್ದೆ. ತಿರಸ್ಕಾರ ಆದ ದಿನ ಮನೆಗೆ ಹೋಗಿ ಹೊಟ್ಟೆ ತುಂಬಾ ಊಟ ಮಾಡಿ ಮಲಗಿದ್ಳು ಅಂತ ಅಮ್ಮ ಅಂದ್ರು, ನಾನು ಆಶ್ಚರ್ಯಪಟ್ಟಿದ್ದೆ. ಈಗ ಗೊತ್ತಾಗುತ್ತೆ. ವೀಸಾ ಸಿಗೋ ತನಕ ನೀನು ಹೋಗೋ ಹಾಗಿಲ್ಲ. ಹೋಗೋ ತನಕ ಏನನ್ನೂ ಕಣ್ಣಾರೆ ನೋಡ್ಬೇಕಾಗಿಲ್ಲ. ಅವರ ತಿರಸ್ಕಾರದ ಸೀಲು ನಿನಗೆ ಮದ್ದು ಆಗಿತ್ತು.

ಮತ್ತೆ ಈ ಸಲ ಯಾಕೆ ಊಟ ಮಾಡಿ ಮಲಗಲಿಲ್ಲ? ಇವತ್ತು ಯಾಕೆ ರಜಾ ಹಾಕಿ ಬಂದೆ?

…

ಪಾಸ್‌ಪೋರ್ಟ್ ಯಾಕೆ ನನ್ನ ಕಡೆ ತಳ್ತೀಯಾ?

ಹೋಗ್ತೀಯಾ? ನಿಜವಾಗ್ಲೂ? ಎಲ್ಲಾ ಗೊತ್ತಿದ್ದೂ? ಅವನ ಜೊತೆ ಜಗಳ ಆಡಕ್ಕಾ? …ಅಲ್ಲ. ಕರ್ಕೊಂಡು ಬರಕ್ಕಾ? ಅದೂ ಅಲ್ಲ. ಬಿಟ್ಟುಬಿಡು ಅಂತ ಹೇಳಕ್ಕೆ ಆದ್ರೆ ಫೋನೇ ಸಾಕಲ್ಲ, ಅದಕ್ಕೆ ಕಿವಿ ತೋರಿಸ್ಬೇಕಾಗಿಲ್ಲ, ಬ್ಯಾಂಕ್ ಕಾಗದ ಬೇಕಾಗಿಲ್ಲ… ಸರಿ ಸರಿ. ತಲೆ ಆಡಿಸ್ಬೇಡ. ಕೇಳಲ್ಲ. ನಾನು ಕೇಳಲ್ಲ ಮಹರಾಯ್ತಿ.

ಇರು, ಕಂಪ್ಯೂಟರ್ ಆನ್ ಮಾಡ್ತೀನಿ. ಇದು ಶುರು ಆಗೋದು ನಿಧಾನ, ಅಮ್ಮನ ಹಾಗೆ, ಏಳಕ್ಕೆ ಇಷ್ಟು ಹೊತ್ತು ಬೇಕು. …ಹ್ಞಾಂ. ಹೆಸರು, ಹುಟ್ಟಿದ ದಿನ, ಅದೆಲ್ಲಾ ನನ್ನ ಬೆರಳಿಗೇ ಗೊತ್ತು. ವಿಳಾಸ ಅದೇ. ಕೆಲಸ ಅದೇ. ವಿವಾಹಿತೆ… ಅದೂ ಅದೇ, ಕಾನೂನಿನ ಪ್ರಕಾರ.

ಪ್ರಯಾಣದ ಉದ್ದೇಶ.

ನಾನು ಕೇಳ್ತಿಲ್ಲ, ಫಾರಂ ಕೇಳ್ತಿದೆ. ಹಿಂದಿನ ಸಲವೆಲ್ಲಾ ನಾನೇ ‘ಗಂಡನ ಭೇಟಿ’ ಅಂತ ಹಾಕ್ತಿದ್ದೆ, ನಿನ್ನ ಕೇಳಲೂ ಇಲ್ಲ. ಈಗ ಇದರಲ್ಲಿ ಪ್ರವಾಸ ಇದೆ, ವ್ಯಾಪಾರ ಇದೆ, ಕುಟುಂಬ ಇದೆ, ಚಿಕಿತ್ಸೆ ಇದೆ. ಕೊನೇಲಿ ‘ಇತರೆ’. ಯಾವುದು?

…ಇತರೆ. ಒತ್ತಿದೆ.

ಇತರೆ ಒತ್ತಿದ್ರೆ ಕೆಳಗೆ ಒಂದು ಖಾಲಿ ಜಾಗ ತೆರ್ಕೊಳ್ಳುತ್ತೆ. ಅರ್ಜಿದಾರರು ತಮ್ಮ ಮಾತಲ್ಲೇ ಬರೀಬೇಕು ಅಂತ. ಈ ಅಂಗಡೀಲಿ ಆ ಜಾಗಾನ ಯಾವತ್ತೂ ನಾನೇ ತುಂಬೋದು, ಯಾರನ್ನೂ ಕೇಳಲ್ಲ.

ಈ ಸಲ ತುಂಬಲ್ಲ. ನೀನು ಹೇಳು. ನಾನು ಬಾಯಿ ಮುಚ್ಕೊಂಡು ಟೈಪ್ ಮಾಡ್ತೀನಿ.